ಮುಂದಿನ ಸ್ಪರ್ಧೆಯಿಂದ ಟೆಸ್ಟ್ ಪಟ್ಟಿ ನೋಡದೆ ಪ್ರಿಂಟ್ ಇಲ್ಲ: ಗ್ರಾಹಕರಿಗೆ ಪತ್ರ

ಫೋಟೋ ಕ್ಲಬ್ಬಿನ ಸದಸ್ಯರಿಗೆ ನಮ್ಮ ಪ್ರಿಂಟಿಂಗ್ ಸಹಕಾರ ಸಂಘದ ನಮಸ್ಕಾರ.

ವಿಷಯ ನೇರವಾಗಿ ಹೇಳಿಬಿಡುತ್ತೇವೆ. ಮುಂದಿನ ಸ್ಪರ್ಧೆಯಿಂದ ಪ್ರಿಂಟ್ ವಿಭಾಗದ ಫೈಲ್‌ಗಳು ಸಲ್ಲಿಕೆಯ ಕೊನೆಯ ದಿನಕ್ಕೆ ಹತ್ತು ದಿನ ಮೊದಲೇ ನಮ್ಮ ಕೈಸೇರಬೇಕು. ಟೆಸ್ಟ್ ಪಟ್ಟಿ, ಅಂದರೆ ಚಿತ್ರದ ಒಂದು ತುಂಡನ್ನು ಮೊದಲು ಅಚ್ಚು ಹಾಕಿ ತೋರಿಸುವ ಮಾದರಿ, ಅದನ್ನು ನೋಡಿ ನೀವು ‘ಸರಿ’ ಎನ್ನುವ ತನಕ ದೊಡ್ಡ ಪ್ರಿಂಟ್ ತೆಗೆಯುವುದಿಲ್ಲ. ಹಿಂದಿನ ದಿನ ಸಂಜೆ ಪೆನ್ ಡ್ರೈವ್ ಕೊಟ್ಟು, ಬೆಳಿಗ್ಗೆ ಮೌಂಟ್ (ಪ್ರಿಂಟನ್ನು ಕೂರಿಸುವ ದಪ್ಪ ರಟ್ಟು) ಸಮೇತ ಒಯ್ಯುವುದು ಇನ್ನು ಆಗುವುದಿಲ್ಲ. ಆ ಅಭ್ಯಾಸ ಹತ್ತಿಸಿದವರು ನಾವೇ, ಆದ್ದರಿಂದ ತೊಂದರೆಗೆ ಕ್ಷಮೆ ಕೇಳಬೇಕಾದವರೂ ನಾವೇ.

ಆದರೆ ಹೀಗೆ ಮಾಡಬೇಕಾಗಿ ಬಂದದ್ದಕ್ಕೆ ಕಾರಣ ಒಂದೇ ಒಂದು ದೂರು. ಪ್ರತಿ ಸ್ಪರ್ಧೆ ಮುಗಿದ ಮರುದಿನ ಅದನ್ನು ಕೇಳುತ್ತೇವೆ: “ಸ್ಕ್ರೀನ್ ಮೇಲೆ ಚೆನ್ನಾಗಿತ್ತು, ನೀವು ಕಪ್ಪಾಗಿಸಿ ಕೊಟ್ಟಿರಿ.” ಇಂಕ್ ಉಳಿಸಲು ಹೀಗೆ ಮಾಡುತ್ತೇವೆ ಎಂಬ ಮಾತೂ ಕಿವಿಗೆ ಬಿದ್ದಿದೆ. ಸ್ವಾಮಿ, ಕಪ್ಪು ಪ್ರಿಂಟಿಗೆ ಇಂಕ್ ಹೆಚ್ಚು ಬೇಕು, ಕಡಿಮೆಯಲ್ಲ. ಇಂಕ್ ಉಳಿಸುವ ಬುದ್ಧಿ ನಮಗಿದ್ದಿದ್ದರೆ ನಿಮ್ಮ ಚಿತ್ರ ಬೆಳ್ಳಗೆ ಬರುತ್ತಿತ್ತು.

ನಿಜವಾಗಿ ಆಗುವುದು ಇಷ್ಟು. ಸ್ಕ್ರೀನ್ ತಾನೇ ಬೆಳಕು ಕೊಡುತ್ತದೆ, ಹಾಳೆ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಒಳ್ಳೆಯ ಬಿಳಿ ಹಾಳೆಯೂ ಹೆಚ್ಚೆಂದರೆ ಹತ್ತರಲ್ಲಿ ಒಂಬತ್ತು ಪಾಲು ವಾಪಸ್ ಕೊಟ್ಟೀತು. ಸಂಜೆ ಮನೆಯ ದೀಪದಡಿ, ಸುಮಾರು 100 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕಿನಲ್ಲಿ, ಆ ಹಾಳೆಯ ಬಿಳುಪು ಪ್ರತಿ ಚದರ ಮೀಟರಿಗೆ 29 ಕ್ಯಾಂಡೆಲಾದಷ್ಟು (ಕಣ್ಣಿಗೆ ಕಾಣುವ ಹೊಳಪಿನ ಅಳತೆ). ಅದೇ ಹಾಳೆ 500 ಲಕ್ಸ್‌ನಲ್ಲಿ 143ರ ಹತ್ತಿರ ಬರುತ್ತದೆ. ಇತ್ತ ಪೆಟ್ಟಿಗೆಯಿಂದ ತೆಗೆದಾಗಿನ ಹೊಳಪಿನಲ್ಲೇ ಓಡುವ ಮಾನಿಟರ್‌ಗಳು 250, 300 ಕ್ಯಾಂಡೆಲಾ ಚೆಲ್ಲುತ್ತಿರುತ್ತವೆ. ಅಂಥ ಸ್ಕ್ರೀನಿನಲ್ಲಿ ಎಡಿಟ್ ಮಾಡುವವರು ತಮಗೆ ಗೊತ್ತಿಲ್ಲದೆಯೇ ಚಿತ್ರವನ್ನು ಕಪ್ಪಾಗಿಸಿಯೇ ಸೇವ್ ಮಾಡುತ್ತಾರೆ. ಪ್ರಿಂಟರ್ ಫೈಲಿನಲ್ಲಿದ್ದುದನ್ನೇ ಹಾಳೆಗೆ ಇಳಿಸುತ್ತದೆ.

ಪ್ರಿಂಟಿಗಾಗಿ ಎಡಿಟ್ ಮಾಡುವಾಗ ಮಾನಿಟರ್ 80ರಿಂದ 120 ಕ್ಯಾಂಡೆಲಾ ನಡುವೆ ಇರಲಿ. ಅಳೆಯುವ ಉಪಕರಣ ಇಲ್ಲದವರು ಹೀಗೆ ಮಾಡಿ: ಪ್ರಿಂಟ್ ನೋಡುವಷ್ಟೇ ಬೆಳಕಿರುವ ಜಾಗದಲ್ಲಿ, ಮಾನಿಟರ್ ಪಕ್ಕ ಒಂದು ಖಾಲಿ ಫೋಟೋ ಹಾಳೆ ನಿಲ್ಲಿಸಿ, ಸ್ಕ್ರೀನಿನಲ್ಲಿ ಏನೂ ಬರೆಯದ ಬಿಳಿ ಪುಟ ತೆರೆದು, ಎರಡರ ಬಿಳುಪೂ ಒಂದೇ ಆಗಿ ಕಾಣುವವರೆಗೆ ಹೊಳಪು ಇಳಿಸಿ. ಮೊದಲ ಎರಡು ದಿನ ಸ್ಕ್ರೀನ್ ಮಂಕಾಯಿತು ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ.

ಹಾಗಾದರೆ ನಾವೇ ಸ್ವಲ್ಪ ಬೆಳಕು ಹೆಚ್ಚಿಸಿ ಪ್ರಿಂಟ್ ಹಾಕಬಾರದೇ? ಇಷ್ಟು ದಿನ ಹಾಕಿದೆವು, ಕೆಲವರು ಖುಷಿಪಟ್ಟರು. ಇನ್ನು ಕೆಲವರು ಬೇಕೆಂದೇ ಕತ್ತಲಾಗಿಟ್ಟ ಚಿತ್ರವನ್ನು ಕೆಡಿಸಿದಿರಿ ಎಂದರು, ಅವರು ಹೇಳಿದ್ದೂ ನ್ಯಾಯವೇ. ಹಕ್ಕಿಯ ಹೊಟ್ಟೆಯಡಿಯ ನೆರಳಿನಲ್ಲಿ ಗರಿ ಕಾಣಬೇಕೋ ಬೇಡವೋ ಎಂಬುದು ತೆಗೆದವರ ತೀರ್ಮಾನ, ಯಂತ್ರದ ಮುಂದೆ ನಿಂತವರದ್ದಲ್ಲ.

ಅದಕ್ಕೇ ಪಟ್ಟಿ. ನಿಮ್ಮ ಚಿತ್ರದಲ್ಲಿ ಮುಖ್ಯವಾದ ನೆರಳು ಮತ್ತು ಮುಖ್ಯವಾದ ಹೊಳಪು ಎರಡೂ ಬರುವಂಥ ಒಂದು ತುಂಡನ್ನು ನೀವೇ ಗುರುತು ಮಾಡಿ ಕಳಿಸಬೇಕು. ಆ ತುಂಡನ್ನೇ, ದೊಡ್ಡ ಪ್ರಿಂಟ್ ಬರುವ ಅಳತೆಯಲ್ಲೇ, ಅದೇ ಹಾಳೆಯ ಮೇಲೆ ಮೂರು ಬಾರಿ ಅಚ್ಚು ಹಾಕುತ್ತೇವೆ: ಒಂದು ಫೈಲ್ ಇದ್ದಂತೆಯೇ, ಇನ್ನೆರಡು ನಡುವಿನ ಟೋನ್‌ಗಳನ್ನು (ತೀರಾ ಕಪ್ಪೂ, ತೀರಾ ಬಿಳಿಯೂ ಅಲ್ಲದ ಭಾಗಗಳನ್ನು) ಒಂದು ಹಂತ, ಎರಡು ಹಂತ ಎತ್ತಿ. ಒಂದು ಎ3+ ಹಾಳೆಯಲ್ಲಿ, ಅಂದರೆ 329×483 ಮಿ.ಮೀ.ನಲ್ಲಿ, ಇಂಥ ನಾಲ್ಕು ಪಟ್ಟಿ ಹಿಡಿಯುತ್ತವೆ. ಅಂದರೆ ನಿಮ್ಮ ಪಟ್ಟಿಗೆ ಕಾಲು ಹಾಳೆ ಸಾಕು. ಪಟ್ಟಿ ನೋಡದೆ ಕಪ್ಪಾಗಿ ಬಂದು ಮತ್ತೆ ತೆಗೆದರೆ ಪೂರ್ತಿ ಹಾಳೆ ಹೋಗುತ್ತದೆ, ಜೊತೆಗೆ ಇಂಕ್, ಕತ್ತರಿಸಿದ ಮೌಂಟ್ ಬೋರ್ಡ್, ಅರ್ಧ ದಿನ. ಪಟ್ಟಿಗೆ ಪ್ರತ್ಯೇಕ ಹಣ ಕೇಳುವುದಿಲ್ಲ.

ಪಟ್ಟಿಯನ್ನು ಕೈಗೆ ತೆಗೆದುಕೊಂಡು ನೋಡಿ. ಫೋನಿನಲ್ಲಿ ಫೋಟೋ ತೆಗೆದು ಕಳಿಸಿ ಎಂದು ಕೇಳಬೇಡಿ. ಕಪ್ಪಾದ ಪ್ರಿಂಟ್ ಎದುರಿಗೆ ಹಿಡಿದರೆ ಫೋನ್ ತಾನಾಗಿಯೇ ಎಕ್ಸ್‌ಪೋಷರ್ ಏರಿಸಿಕೊಳ್ಳುತ್ತದೆ, ಪಟ್ಟಿ ಮಾಡಿಸಿದ ಉದ್ದೇಶವೇ ಹಾಳು. ತೀರ್ಪುಗಾರರ ಮೇಜಿನ ಬೆಳಕಿಗೆ ಹತ್ತಿರವಾದ ಬೆಳಕಿನಲ್ಲಿ ನೋಡಿ. ಪ್ರಿಂಟ್ ನೋಡುವುದಕ್ಕೆಂದೇ ಇರುವ ಐಎಸ್‌ಒ 3664 ಮಾನದಂಡ ಸೂಕ್ಷ್ಮ ಹೋಲಿಕೆಗೆ 2000 ಲಕ್ಸ್, ಸಾಮಾನ್ಯ ಪರಿಶೀಲನೆಗೆ 500 ಲಕ್ಸ್ ಹೇಳುತ್ತದೆ. ನಮ್ಮ ಕೌಂಟರ್ ಪಕ್ಕದ ದೀಪ 500 ಲಕ್ಸ್‌ಗೆ ಹೊಂದಿಸಿದೆ, ಬಂದು ಅಲ್ಲೇ ನೋಡಿದರೆ ಉತ್ತಮ.

ಹತ್ತು ದಿನ ಯಾಕೆ ಬೇಕು ಎಂದರೆ: ಫೈಲ್ ಬಂದ ಮರುದಿನ ಪಟ್ಟಿ, ಅದು ಒಣಗಿ ಬಣ್ಣ ನಿಲ್ಲಲು ಒಂದು ದಿನ, ನಿಮ್ಮ ಉತ್ತರಕ್ಕೆ ಎರಡು ದಿನ, ಆಮೇಲೆ ಪ್ರಿಂಟ್, ಮತ್ತೆ 24 ಗಂಟೆ ತೆರೆದಿಟ್ಟು ಒಣಗಿಸುವುದು, ಮೌಂಟ್‌ಗೆ ಒಂದು ದಿನ. ಉಳಿದದ್ದು ಮರುಮುದ್ರಣ ಬೇಕಾದರೆ ಇಟ್ಟ ಅವಕಾಶ. ಒಣಗುವ ಮೊದಲೇ ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಇಂಕಿನಲ್ಲಿರುವ ದ್ರಾವಕ ಹೊರಬಂದು ಕವರಿನ ಒಳಗೆ ಮಂಜಿನಂತೆ ಕೂರುತ್ತದೆ.

ಹೊಳಪಿಲ್ಲದ ಮ್ಯಾಟ್ ಹಾಳೆ ಬೇಕಾದವರಿಗೆ ಹತ್ತು ದಿನ ಸಾಲದು, ಹದಿನೇಳು ದಿನ ಬೇಕು. ಇದಕ್ಕೆ ಬೈಸಿಕೊಳ್ಳುತ್ತೇವೆಂದು ಗೊತ್ತು. ನಮ್ಮ ಯಂತ್ರದಲ್ಲಿ ಮ್ಯಾಟ್ ಹಾಳೆಯ ಇಂಕಾದ ಮ್ಯಾಟ್ ಕಪ್ಪು, ಹೊಳಪಿನ ಹಾಳೆಯ ಇಂಕಾದ ಫೋಟೋ ಕಪ್ಪು ಎರಡಕ್ಕೂ ಒಂದೇ ಕೊಳವೆ. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಕೊಳವೆಯಲ್ಲಿ ಉಳಿದ ಇಂಕ್ ನೇರ ವೇಸ್ಟ್ ಟ್ಯಾಂಕಿಗೆ ಹೋಗುತ್ತದೆ. ಇದರ ಮೇಲೆ, ಮೂರು ವಾರ ಕೆಲಸವಿಲ್ಲದೆ ನಿಂತ ಯಂತ್ರ ಕೊನೆಯ ಎರಡು ದಿನ ಹಗಲು ರಾತ್ರಿ ಓಡಬೇಕೆಂದರೆ ಇಂಕ್ ಚಿಮ್ಮುವ ಸಣ್ಣ ರಂಧ್ರಗಳಾದ ನಾಝಲ್‌ಗಳು ಒಣಗಿ ಕಟ್ಟಿರುತ್ತವೆ, ಕ್ಲೀನಿಂಗ್ ಮೇಲೆ ಕ್ಲೀನಿಂಗ್. ಆ ಇಂಕೂ ಹಾಳೆ ಮುಟ್ಟುವುದೇ ಇಲ್ಲ, ಆದರೂ ಕೊಂಡವರು ನಾವೇ. ದರ ಯಾಕೆ ಇಷ್ಟು ಎಂದು ಕೇಳುವವರಿಗೆ ಆ ಟ್ಯಾಂಕನ್ನೇ ತೆಗೆದು ತೋರಿಸಬೇಕು ಅನ್ನಿಸುತ್ತದೆ. ಆದ್ದರಿಂದ ಮ್ಯಾಟ್ ಕೆಲಸ ಬುಧವಾರ ಮಾತ್ರ: ಒಂದು ಬುಧವಾರ ಪಟ್ಟಿ, ಮುಂದಿನ ಬುಧವಾರ ಪ್ರಿಂಟ್. ಮ್ಯಾಟ್‌ನಲ್ಲಿ ಕಪ್ಪು ಬಣ್ಣ ಅರೆಹೊಳಪಿನ ಹಾಳೆಯಾದ ಲಸ್ಟರ್‌ನಷ್ಟು ಆಳಕ್ಕೆ ಇಳಿಯುವುದಿಲ್ಲ. ಕಡುಗಪ್ಪು 0ರಿಂದ ಬಿಳಿ 255ರ ಅಳತೆಯಲ್ಲಿ 10, 15ರ ಆಸುಪಾಸಿನ ವಿವರ ಬಹುಪಾಲು ಮುಳುಗುತ್ತದೆ. ನಮ್ಮ ಪ್ರೊಫೈಲ್ (ನಮ್ಮ ಯಂತ್ರ ಆ ಹಾಳೆಯಲ್ಲಿ ಬಣ್ಣ ತೋರುವ ರೀತಿಯನ್ನು ದಾಖಲಿಸಿದ ಫೈಲ್) ಪಡೆದು, ಎಡಿಟಿಂಗ್ ತಂತ್ರಾಂಶವಾದ ಲೈಟ್‌ರೂಮಿನ ಡೆವಲಪ್‌ನಲ್ಲಿ ‘ಎಸ್’ ಒತ್ತಿ ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತದೆಂದು ಸ್ಕ್ರೀನಿನಲ್ಲೇ ತೋರಿಸುವ ನೋಟ) ನೋಡಿಕೊಂಡರೆ ಇದು ಮೊದಲೇ ಕಾಣುತ್ತದೆ.

ಫೈಲ್ ಬಗ್ಗೆ ಸ್ವಲ್ಪ. 30×40 ಸೆಂ.ಮೀ. ಪ್ರಿಂಟಿಗೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 3543×4724 ಪಿಕ್ಸೆಲ್ ಬೇಕು. ಪರದೆಯ ಮೇಲೆ ತೋರಿಸುವ ಪ್ರೊಜೆಕ್ಷನ್ ವಿಭಾಗಕ್ಕೆಂದು 1920 ಪಿಕ್ಸೆಲ್‌ಗೆ ಇಳಿಸಿದ ಫೈಲನ್ನೇ ಪ್ರಿಂಟಿಗೂ ಕಳಿಸುವವರು ಪ್ರತಿ ಸಲ ಇರುತ್ತಾರೆ. 40 ಸೆಂ.ಮೀ.ಗೆ ಹಿಗ್ಗಿಸಿದರೆ ಅದು 122 ಪಿಪಿಐ, ಕಣ್ಣಿನ ರೆಪ್ಪೆಯೆಲ್ಲ ಮೆಟ್ಟಿಲು ಮೆಟ್ಟಿಲು. ಚಿತ್ರದ ಬಣ್ಣಗಳನ್ನು ಹೇಗೆ ಓದಬೇಕೆಂದು ಹೇಳುವ ಪ್ರೊಫೈಲ್ ಫೈಲಿನೊಳಗೇ ಇರಲಿ. ಅಡೋಬಿ ಆರ್‌ಜಿಬಿ ಎಂಬ ಬಣ್ಣದ ವ್ಯವಸ್ಥೆಯಲ್ಲಿ ಮಾಡಿ ಪ್ರೊಫೈಲ್ ಬಿಟ್ಟು ಸೇವ್ ಮಾಡಿದರೆ ಚರ್ಮದ ಬಣ್ಣ ಸಪ್ಪೆಯಾಗುತ್ತದೆ, ಅದಕ್ಕೂ ನಮ್ಮ ಇಂಕನ್ನೇ ಬೈಯುತ್ತಾರೆ.

“ಆ ಕೊಂಬೆಯೊಂದನ್ನು ತೆಗೆದುಬಿಡಿ” ಎಂಬ ಕೋರಿಕೆಗೂ ಇನ್ನು ಇಲ್ಲ ಎನ್ನುತ್ತೇವೆ. ಎಫ್‌ಐಎಪಿ, ಪಿಎಸ್‌ಎ, ಆರ್‌ಪಿಎಸ್ ಎಂಬ ಛಾಯಾಗ್ರಹಣ ಸಂಸ್ಥೆಗಳು ಒಟ್ಟಾಗಿ ಒಪ್ಪಿದ ನೇಚರ್ (ನಿಸರ್ಗ ಚಿತ್ರ) ವಿಭಾಗದ ವ್ಯಾಖ್ಯೆಯಲ್ಲಿ ಕ್ರಾಪ್ ಬಿಟ್ಟರೆ ಚಿತ್ರದಲ್ಲಿದ್ದುದನ್ನು ತೆಗೆಯುವುದಕ್ಕಾಗಲಿ, ಇಲ್ಲದ್ದನ್ನು ಸೇರಿಸುವುದಕ್ಕಾಗಲಿ ಅವಕಾಶವಿಲ್ಲ. ಸೆನ್ಸರ್ ಮೇಲಿನ ಧೂಳಿನ ಕಲೆ, ನಾಯ್ಸ್ (ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಚುಕ್ಕೆಗಳು) ತೆಗೆಯಬಹುದು, ಅದನ್ನು ನೀವೇ ತೆಗೆದು ಕಳಿಸಿ.

ಕಳೆದ ಸಲ ಕೆಲವು ಮೌಂಟ್‌ಗಳು ಸ್ಪರ್ಧೆಯ ಪೆಟ್ಟಿಗೆಯಲ್ಲಿ ಕೂರಲಿಲ್ಲ. ಅದು ಪೂರ್ತಿ ನಮ್ಮ ತಪ್ಪು, ನೆಪ ಹೇಳುವುದಿಲ್ಲ. ನಾವು ಕತ್ತರಿಸಿದ 16×20 ಇಂಚು ಅಂದರೆ 406×508 ಮಿ.ಮೀ., ಪೆಟ್ಟಿಗೆ ಇದ್ದದ್ದು 40×50 ಸೆಂ.ಮೀ.ಗೆ. ಹೆಚ್ಚಿಗೆ ಇದ್ದ 6 ಮತ್ತು 8 ಮಿ.ಮೀ.ಗೇ ಮೂಲೆಗಳು ನುಜ್ಜಾದವು. ಇನ್ನು ಎಲ್ಲವನ್ನೂ ಸೆಂಟಿಮೀಟರ್ ಲೆಕ್ಕದಲ್ಲೇ ಕತ್ತರಿಸುತ್ತೇವೆ. ಮುಂದೆ 1.4 ಮಿ.ಮೀ., ಹಿಂದೆ 1.4 ಮಿ.ಮೀ. ಬೋರ್ಡ್, ಒಟ್ಟು 2.8. ದಪ್ಪಕ್ಕೆ 4 ಮಿ.ಮೀ. ಮಿತಿ ಇಟ್ಟ ಸ್ಪರ್ಧೆಗಳಿಗೂ ಇದು ಸರಿಹೊಂದುತ್ತದೆ. ಪ್ರಿಂಟನ್ನು ಮೇಲಂಚಿನಲ್ಲಿ ಎರಡೇ ಕಡೆ ಟೇಪಿನಿಂದ ತೂಗುಬಿಡುತ್ತೇವೆ. ನಾಲ್ಕೂ ಕಡೆ ಅಂಟಿಸಿಲ್ಲವಲ್ಲ ಎಂದು ಗಾಬರಿ ಬೇಡ, ತೇವಕ್ಕೆ ಹಾಳೆ ಹಿಗ್ಗಲು ಜಾಗವಿಲ್ಲದಿದ್ದರೆ ಮಧ್ಯದಲ್ಲಿ ಅಲೆ ಏಳುತ್ತದೆ.

ನಾಝಲ್ ಗೆರೆ, ಗೀರು, ತಪ್ಪು ಹಾಳೆ, ತಪ್ಪು ಅಳತೆ ಇವು ನಮ್ಮವು. ಯಾವಾಗ ತಂದರೂ ಮಾತಿಲ್ಲದೆ ಬೇರೆ ತೆಗೆದುಕೊಡುತ್ತೇವೆ. ನೀವು ಒಪ್ಪಿದ ಪಟ್ಟಿಯ ಅರ್ಧ ನಮ್ಮಲ್ಲಿರುತ್ತದೆ, ಪ್ರಿಂಟ್ ಅದಕ್ಕೆ ಹೊಂದದಿದ್ದರೆ ಆಗಲೂ ಖರ್ಚು ನಮ್ಮದೇ.

ಪಟ್ಟಿ ನೋಡಲು ಬರುವಾಗ, ಮನೆಯಲ್ಲಿ ಮಾಸ್ಕಿಂಗ್ ಟೇಪ್ ಹಾಕಿ ಮಾಡಿದ ಹಳೆಯ ಮೌಂಟ್‌ಗಳಿದ್ದರೆ ಅವನ್ನೂ ತನ್ನಿ. ಆ ಟೇಪಿನ ಗೋಂದು ಅಂಚಿನಿಂದ ಜಿನುಗಿ, ಒಂದರ ಮೇಲೊಂದು ಇಟ್ಟಾಗ ಕೆಳಗಿನವರ ಚಿತ್ರದ ಮುಖಕ್ಕೆ ಅಂಟುತ್ತದೆ. ಬಿಡಿಸಿ ಬೇರೆ ಟೇಪ್ ಹಾಕಲು ಒಂದಕ್ಕೆ ಹತ್ತು ನಿಮಿಷ, ನೀವು ದೀಪದಡಿ ಪಟ್ಟಿ ನೋಡುವಷ್ಟರಲ್ಲಿ ಮುಗಿಸಿಕೊಡುತ್ತೇವೆ.

ಇಂತಿ,
ಪ್ರಿಂಟ್ ಮತ್ತು ಮೌಂಟಿಂಗ್ ವಿಭಾಗದವರು