ನಿನ್ನ ಕತೆಯ ಆ ತಾಯಿಯ ಬಗ್ಗೆ

ಪ್ರೀತಿಯ ಸತೀಶ,

ಮಗಳು ಇಳಾ ಎತ್ತರವಾಗಿ ಬೆಳೆಯಲಿ ಅಂತ ತಾಯಿ ಸುಮಾ ಕ್ಲಿನಿಕ್‌ಗೆ ಹೋಗಿ ಭ್ರೂಣದಲ್ಲೇ ಜೀನ್ ತಿದ್ದಿಸುವ ನಿನ್ನ ಕತೆಯನ್ನು ಎರಡು ಸಲ ಓದಿದೆ. ಮೊದಲನೇ ಸಲ ರಾತ್ರಿ ಒಂದೇ ಗುಕ್ಕಿಗೆ ಮುಗಿಸಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ. ಹೇಗಿದೆ ಹೇಳು ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿ ಮುಗಿಸೋ ಮಾತಲ್ಲ ಅನ್ನಿಸಿತು.

ಅಜ್ಜಿ ಬಾಗಿಲ ಚೌಕಟ್ಟಿಗೆ ಇಳಾಳನ್ನು ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳಲ್ಲ, ಅಲ್ಲಿ ಓದು ನಿಲ್ಲಿಸಿ ಸುಮ್ಮನೆ ಕೂತುಬಿಟ್ಟೆ. ಅದೇ ವಯಸ್ಸಿಗೆ ಅಪ್ಪನಿಗೆ ಎಳೆದ ಹಳೇ ಗೆರೆ ಒಂದು ಗೇಣು ಕೆಳಗಿದೆ. ಅಜ್ಜಿ ಏನೂ ಹೇಳುವುದಿಲ್ಲ. ಬೆರಳಿಗೆ ಅಂಟಿದ ಪುಡಿಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗುತ್ತಾಳೆ. ಇಡೀ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದು. ಡಾಕ್ಟರು ಎರಡು ಪುಟ ಮಾತಾಡುವುದು ಬೇಕಾಗಿಲ್ಲ. ಅದನ್ನು ತೆಗೆದುಬಿಡು.

ವಿಜ್ಞಾನದ ಕಡೆ ಒಂದು ತಪ್ಪಿದೆ. 'ಎತ್ತರದ ಜೀನನ್ನು ತಿದ್ದಿದರು' ಅಂತ ಬರೆದಿದ್ದೀಯ. ನಾವು ಎಷ್ಟು ಉದ್ದ ಬೆಳೀತೀವಿ ಅನ್ನೋದು ಒಂದು ಜೀನಿನ ಕೈಯಲ್ಲಿಲ್ಲ ಮಾರಾಯ. 2022ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಸುಮಾರು 54 ಲಕ್ಷ ಜನರ ಡಿಎನ್‌ಎ ಹೋಲಿಸಿ ನೋಡಿದ್ದರು. ಎತ್ತರಕ್ಕೆ ನಂಟಿರುವ ವ್ಯತ್ಯಾಸಗಳು ಸುಮಾರು 12,000 ಸಿಕ್ಕವು. ಬಹುಪಾಲಿನವುಗಳ ಪಾಲು ಕೂದಲೆಳೆಯಷ್ಟು. ಅಷ್ಟನ್ನೂ ತಿದ್ದೋಕೆ ಯಾರಿಂದಲೂ ಆಗಲ್ಲ. ಆದರೆ ಇದರಿಂದ ನಿನ್ನ ಕತೆ ಕೆಡಬೇಕಿಲ್ಲ. ಕ್ಲಿನಿಕ್‌ನವರು ಮಾತು ಕೊಟ್ಟಿರಲಿ, ದುಡ್ಡೂ ತಗೊಂಡಿರಲಿ. ಸುಮಾಳ ತವರಿನಲ್ಲಿ ಆರಡಿ ಉದ್ದದ ಒಬ್ಬ ಸೋದರಮಾವ ಇರಲಿ. ಆಗ ಆ ಗೆರೆ ಯಾರಿಂದ ಬಂತು ಅಂತ ಅಜ್ಜಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇನ್ನೊಂದು ಮಾತು, ಬೆಂಗಳೂರಿನಲ್ಲಿ ಹಾಗೆ ಬೋರ್ಡ್ ಹಾಕಿಕೊಂಡು ಈ ಕೆಲಸ ಮಾಡೋಕಾಗಲ್ಲ. ಭ್ರೂಣದ ಜೀನ್ ತಿದ್ದಿ ಮಗು ಹುಟ್ಟಿಸುವುದನ್ನು ವೈದ್ಯಕೀಯ ಸಂಶೋಧನೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಐಸಿಎಂಆರ್ 2019ರ ಮಾರ್ಗಸೂಚಿಯಲ್ಲಿ ಬೇಡ ಅಂದಿದೆ. ಕ್ಲಿನಿಕ್ ಹಿಂದಿನ ಬಾಗಿಲಲ್ಲಿ ನಡೀಬೇಕು.

ಇವೆಲ್ಲ ಸಣ್ಣಪುಟ್ಟವು. ನನಗೆ ಒಪ್ಪಿಗೆಯಾಗದೆ ಹೋದದ್ದು ಸುಮಾ. ಪಕ್ಕದ ಮನೆ ಹುಡುಗಿಯನ್ನು ನೋಡಿ ಹೊಟ್ಟೆಕಿಚ್ಚುಪಟ್ಟು ಕ್ಲಿನಿಕ್‌ಗೆ ಓಡುವ ಹೆಂಗಸು. ಕೊನೆಗೆ ಅವಳಿಗೆ ಶಿಕ್ಷೆ. ಯಾಕೋ ಸತೀಶ? ಅವಳನ್ನ ಅಷ್ಟು ಬೇಗ ದೂರ ತಳ್ಳಿಬಿಟ್ಟೆಯಲ್ಲ.

ನಮ್ಮಕ್ಕನ ಮಗನಿಗೆ ಥಲಸ್ಸೀಮಿಯಾ ಅನ್ನೋ ರಕ್ತದ ಕಾಯಿಲೆ ಇರೋದು ನಿನಗೆ ಗೊತ್ತು. ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಒಂಬತ್ತು ವರ್ಷದ ಹುಡುಗ, ನರ್ಸ್ ಬರೋ ಮುಂಚೆಯೇ ತೋಳು ಮಡಚಿ 'ಇವತ್ತು ಎಡಗೈ' ಅಂತ ಚಾಚುತ್ತಾನೆ. ಅಕ್ಕನಿಗೂ ಭಾವನಿಗೂ ಏನೂ ತೊಂದರೆ ಇರಲಿಲ್ಲ. ಇಬ್ಬರಲ್ಲೂ ಈ ಕಾಯಿಲೆಗೆ ನಂಟಿರುವ ಜೀನಿನ ಒಂದೊಂದು ಕೆಟ್ಟ ಪ್ರತಿ ಇತ್ತು, ಅಷ್ಟೇ. ಹಾಗಿದ್ದಾಗ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡನೇ ಸಲ ಬಸಿರಾದಾಗ ಮೂರನೇ ತಿಂಗಳಲ್ಲಿ ಪರೀಕ್ಷೆ ಮಾಡಿಸಿದರು. ರಿಪೋರ್ಟ್ ಬರೋವರೆಗೂ ಅಕ್ಕ ಒಂದು ಸಲವೂ ಹೊಟ್ಟೆ ಮೇಲೆ ಕೈ ಇಟ್ಟುಕೊಂಡಿದ್ದು ನಾನು ನೋಡಲಿಲ್ಲ. ಕೂಸು ಚೆನ್ನಾಗಿದೆ ಅಂತ ಬಂದ ದಿನ ಗೋಡೆಗೆ ಒರಗಿ ಕೂತು, ಎರಡೂ ಕೈ ಹೊಟ್ಟೆ ಮೇಲಿಟ್ಟುಕೊಂಡು ಅತ್ತಳು.

ಆ ದಿನಗಳಲ್ಲಿ ಯಾರಾದರೂ ಬಂದು ಭ್ರೂಣದಲ್ಲೇ ಸರಿ ಮಾಡ್ತೀವಿ ಅಂದಿದ್ದರೆ, ಅಕ್ಕ ತಾಳಿ ಅಡವಿಟ್ಟಾದರೂ ಹೋಗುತ್ತಿದ್ದಳು. ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ 2018ರಲ್ಲಿ ಎಚ್‌ಐವಿ ತಗಲದಿರಲಿ ಅಂತ ಅವಳಿ ಹೆಣ್ಣುಮಕ್ಕಳ ಭ್ರೂಣ ತಿದ್ದಿದ್ದನಲ್ಲ, ಅವನ ಹತ್ತಿರ ಹೋದ ದಂಪತಿಗಳಲ್ಲಿ ಗಂಡಂದಿರಿಗೆ ಎಚ್‌ಐವಿ ಇತ್ತು. ಅವರು ಜಾಣ ಮಗು ಕೊಡಿ ಅಂತ ಹೋದವರಲ್ಲ. ವೀರ್ಯ ತೊಳೆದು ಬಳಸಿದರೆ ಮಗುವಿಗೆ ಸೋಂಕು ತಗಲದಂತೆ ಮಾಡಬಹುದಿತ್ತು, ಜೀನ್ ಮುಟ್ಟೋ ಅಗತ್ಯವೇ ಇರಲಿಲ್ಲ. ತಿದ್ದಿದ್ದೂ ಅರೆಬರೆ. ಅವನು ಜೈಲಿಗೆ ಹೋದ. ಮಕ್ಕಳು ಆ ಬದಲಾವಣೆ ಹೊತ್ತುಕೊಂಡೇ ಬೆಳೀತಿದ್ದಾರೆ, ಮುಂದೆ ಅವರ ಮಕ್ಕಳಿಗೂ ಹೋಗಬಹುದು.

ಬೇರೆ ದಾರಿಯೂ ಇದೆ. 2023ರ ನವೆಂಬರ್‌ನಲ್ಲಿ ಬ್ರಿಟನ್ ಕ್ಯಾಸ್ಜೆವಿ ಅನ್ನೋ ಚಿಕಿತ್ಸೆ ಒಪ್ಪಿತು. ಸಿಕಲ್ ಸೆಲ್ ಅನ್ನೋ ಇನ್ನೊಂದು ರಕ್ತದ ಕಾಯಿಲೆಗೂ ಥಲಸ್ಸೀಮಿಯಾಕ್ಕೂ. ರೋಗಿಯದೇ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸೋ ಮೂಲ ಜೀವಕೋಶ, ತೆಗೆದು, ಹೊರಗೆ ತಿದ್ದಿ, ವಾಪಸ್ ಹಾಕ್ತಾರೆ. ಅದಕ್ಕೆ ಮುಂಚೆ ಕೀಮೋ ಕೊಡಬೇಕು, ಸುಲಭವಲ್ಲ. ಆ ಬದಲಾವಣೆ ಅವರಲ್ಲೇ ಉಳಿಯುತ್ತೆ, ಮಕ್ಕಳಿಗೆ ಹೋಗಲ್ಲ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಅಕ್ಕನಿಗೆ ಆ ಬೆಲೆ ನಾನಿನ್ನೂ ಹೇಳಿಲ್ಲ.

ನಿನ್ನ ಕತೆ ಓದಿದ ಮೇಲೆ ಅವಳ ಹತ್ತಿರ ಹೋಗಿ ಕೂತೆ. ಅವರೆಕಾಯಿ ಸುಲಿಯುತ್ತಿದ್ದಳು. 'ಕಾಯಿಲೆ ಬರದ ಹಾಗೆ ಭ್ರೂಣ ತಿದ್ದುವಾಗ, ಜೊತೆಗೆ ಸ್ವಲ್ಪ ಎತ್ತರಾನೂ ಮಾಡಿಕೊಡ್ತೀವಿ ಅಂದಿದ್ದರೆ ಏನಂತಿದ್ದೆ?' ಅಂತ ಕೇಳಿದೆ. ಬೇಡ ಅಂತಾಳೆ ಅಂದುಕೊಂಡಿದ್ದೆ. ಸುಮಾರು ಹೊತ್ತು ಕಾಯಿ ಸುಲಿದಳು.

'ಮೊದಲು ಬೇಡ ಅಂತಿದ್ದೆ. ಆಮೇಲೆ, ಹೇಗೂ ಕೈ ಹಾಕಿದ್ದಾರಲ್ಲ, ಅದನ್ನೂ ಮಾಡಿಬಿಡಲಿ ಅಂತಿದ್ದೆನೇನೋ' ಅಂದಳು.

ನಿನ್ನ ಕತೆಯಲ್ಲಿ ಈ ಮಾತು ಇಲ್ಲ ಸತೀಶ. 'ಹೇಗೂ ಕೈ ಹಾಕಿದ್ದಾರಲ್ಲ.' ಕಾಯಿಲೆ ವಾಸಿ ಮಾಡುವುದರಿಂದ ಇನ್ನಷ್ಟು ಬೇಕು ಅನ್ನೋ ಕಡೆಗೆ ಮನುಷ್ಯ ದಾಟುವುದು ಅಲ್ಲಿ. ಸುಮಾ ಆ ಹೊಸ್ತಿಲ ಆಚೆಯೇ ನಿಂತುಕೊಂಡು ಕತೆ ಶುರುವಾಗುತ್ತೆ. ಅವಳಿಗೆ ಇಳಾಗಿಂತ ಮುಂಚೆ ಇನ್ನೊಂದು ಮಗು ಇರಲಿ. ಆಸ್ಪತ್ರೆ ಬೆಂಚು, ಹತ್ತಿ, ಪ್ಲಾಸ್ಟರ್ ಎಲ್ಲ ಅವಳಿಗೆ ಗೊತ್ತಿರಲಿ. ಆಮೇಲೆ ಕ್ಲಿನಿಕ್‌ಗೆ ಹೋಗಲಿ. ಆಗ ಬಾಗಿಲ ಹತ್ತಿರ ಅಜ್ಜಿ ಸೊಸೆಯ ಮುಖ ನೋಡುವುದೇ ಬೇರೆ ಥರ ಇರುತ್ತೆ, ಅಲ್ವಾ?

ಭಾನುವಾರ ಮನೆಗೆ ಬಾ. ಅಕ್ಕನೂ ಇರ್ತಾಳೆ. ಅವಳ ಮಾತನ್ನ ಕತೆಗೆ ತಗೊಳ್ಳೋದಾದರೆ ನೀನೇ ಅವಳನ್ನ ಕೇಳಬೇಕು.

ನಿನ್ನ,
ರಘು