ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಮಾಡಿನ ಕೆಲಸ ಮುಗಿಯಬೇಕಾಗಿದೆ: ಆಶ್ರಮದ ಹಿತೈಷಿಗಳಲ್ಲಿ ಒಂದು ಮನವಿ

ಮಾನ್ಯ ಹಿತೈಷಿಗಳೇ,

ಕಳೆದ ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ, ಸುಮಾರು ಎರಡು ಗಂಟೆಯ ಹೊತ್ತಿಗೆ, ಕುಷ್ಠರೋಗದಿಂದ ಗುಣವಾದವರು ವಾಸಿಸುವ ನಮ್ಮ ಆಶ್ರಮದ ಹೆಂಗಸರ ವಾರ್ಡಿನ ಮಾಡಿನ (ಛಾವಣಿಯ) ಬಡಗು ಮೂಲೆ ಕುಸಿಯಿತು. ಒರಲೆ (ಗೆದ್ದಲು) ತಿಂದು ಟೊಳ್ಳಾಗಿದ್ದ, ಹಂಚನ್ನು ಹೊರುವ ಮೂರು ಮರದ ಪಕ್ಕಾಸುಗಳು ಒಟ್ಟಿಗೆ ಮುರಿದು, ಅವುಗಳ ಮೇಲಿದ್ದ ಹಂಚುಗಳೆಲ್ಲ ಎರಡು ಮಂಚಗಳ ನಡುವಿನ ಜಾಗಕ್ಕೆ ಸುರಿದವು. ದೇವರ ದಯೆಯಿಂದ ಯಾರ ತಲೆಯ ಮೇಲೂ ಬೀಳಲಿಲ್ಲ. ಆದರೆ ಕತ್ತಲೆಯಲ್ಲಿ ಗಾಬರಿಯಿಂದ ಎದ್ದು ನಡೆದ ಒಬ್ಬರು ಹಂಚಿನ ಚೂರಿನ ಮೇಲೆ ಕಾಲಿಟ್ಟದ್ದು ಅವರಿಗೇ ಗೊತ್ತಾಗಲಿಲ್ಲ. ಬೆಳಗ್ಗೆ ನೆಲ ಒರೆಸಲು ಬಂದ ಸಿಸ್ಟರು ರಕ್ತದ ಹೆಜ್ಜೆಗಳನ್ನು ಕಂಡು, ಅವುಗಳ ಜಾಡು ಹಿಡಿದು ಹೋಗಿ ನೋಡಿದರೆ, ಆ ಅಮ್ಮ ಮಂಚದ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಎರಡು ಬೆರಳಗಲದ ಚೂರು ಅಂಗಾಲಿನಲ್ಲಿ ಹಾಗೆಯೇ ನೆಟ್ಟುಕೊಂಡಿತ್ತು. ಆ ಗಾಯ ಮಾಯುವಷ್ಟರಲ್ಲಿ ದೀಪಾವಳಿ ಕಳೆದಿತ್ತು.

ಅಂದಿನಿಂದ ಆ ಮೂಲೆಗೆ ಟಾರ್ಪಾಲು ಹೊದೆಸಿದ್ದೇವೆ. ಟಾರ್ಪಾಲಿನ ಕೆಳಗೆ ಇನ್ನೊಂದು ಮಳೆಗಾಲವನ್ನು ಕಳೆಯುವುದು ಸಾಧ್ಯವಿಲ್ಲ ಎಂಬುದನ್ನು ತಿಳಿಸುವುದಕ್ಕಾಗಿಯೇ ಈ ಪತ್ರವನ್ನು ಬರೆಯುತ್ತಿದ್ದೇವೆ.

ನಮ್ಮ ಆಶ್ರಮವನ್ನು ತಮಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಹಿರಿಯರಲ್ಲಿ ಹಲವರು ಚಿಕ್ಕಂದಿನಲ್ಲಿ ನಮ್ಮ ಗೇಟಿನ ಮುಂದೆ ಉಸಿರು ಬಿಗಿಹಿಡಿದು ಓಡಿದವರೇ ಆಗಿದ್ದಾರೆ. ಅವರಲ್ಲಿ ಕೆಲವರು ಈಗ ನಮ್ಮ ಅತ್ಯಂತ ನಂಬಿಗಸ್ತ ದಾನಿಗಳು ಎಂಬುದನ್ನು ಹೇಳಿಕೊಳ್ಳಲು ನಮಗೆ ಹೆಮ್ಮೆಯಿದೆ. ಈ ಕರಾವಳಿಯಲ್ಲಿ ಕುಷ್ಠರೋಗಿಗಳ ಸೇವೆಗೆ ಮಿಷನರಿಗಳು ಕೈಹಾಕಿದ ಕಥೆಯೂ ತಮಗೆ ತಿಳಿದದ್ದೇ. ಜರ್ಮನಿಯಲ್ಲಿ ಹುಟ್ಟಿದ ಜೆಸ್ವಿತ್ ಗುರು ಫಾದರ್ ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದು, ಹತ್ತು ವರ್ಷಗಳ ಬಳಿಕ, 1890ರಲ್ಲಿ, ಊರು ಹೊರಗಟ್ಟಿದ ಕುಷ್ಠರೋಗಿಗಳಿಗೆಂದು ಆಶ್ರಯಧಾಮವೊಂದನ್ನು ಆರಂಭಿಸಿದರು. ಆಗ ಈ ರೋಗಕ್ಕೆ ಮದ್ದೆಂದರೆ ನಮ್ಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಗರುಡಫಲದ ಜಾತಿಯ ಮರಗಳ ಬೀಜದ ಎಣ್ಣೆ ಮಾತ್ರ. ಮಲಯಾಳದವರು ಈ ಮರವನ್ನೇ ಮರೊಟ್ಟಿ ಎನ್ನುತ್ತಾರೆ. ಅದನ್ನು ಹಚ್ಚಿದರು, ಕುಡಿಸಿದರು, ಮುಂದೆ ಸೂಜಿಯಲ್ಲಿಯೂ ಚುಚ್ಚಿದರು. ಅದರಿಂದ ಎಷ್ಟು ಗುಣವಾಯಿತೋ, ಆದರೆ ರೋಗಿಯನ್ನು ಕೈಯಿಂದ ಮುಟ್ಟಿ ಎಣ್ಣೆ ಹಚ್ಚುವವರೊಬ್ಬರು ಇದ್ದಾರೆಂಬ ಸುದ್ದಿಯೇ ಜನರನ್ನು ದೂರದೂರದಿಂದ ಅಲ್ಲಿಗೆ ತಂದಿತು. ಪ್ರಭು ಯೇಸು ಕುಷ್ಠರೋಗಿಯನ್ನು ಮಾತಿನಿಂದಲೇ ಗುಣಪಡಿಸಬಹುದಾಗಿತ್ತು, ಆದರೂ ಮೊದಲು ಕೈಚಾಚಿ ಮುಟ್ಟಿದರು ಎಂದು ನಮ್ಮ ಹಿರಿಯ ಸಿಸ್ಟರು ಹೊಸಬರಿಗೆ ಇಂದಿಗೂ ಹೇಳುವುದುಂಟು. ಅದೇ ದಾರಿಯಲ್ಲಿ ನಡೆದು ಬಂದ ಧರ್ಮಭಗಿನಿಯರು ನಮ್ಮ ಆಶ್ರಮದ ಬಾಗಿಲನ್ನು ಒಂದು ದಿನವೂ ಮುಚ್ಚಿದವರಲ್ಲ. ಕೊರೊನಾ ಕಾಲದ 2020ರ ಮಾರ್ಚಿನಲ್ಲಿ ಕರ್ನಾಟಕ-ಕೇರಳದ ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನವರೆಲ್ಲ ಕಂಗಾಲಾದ ಆ ವಾರಗಳಲ್ಲಿಯೂ ನಮ್ಮಲ್ಲಿ ಗಾಯ ತೊಳೆಯುವ ಕೆಲಸ ನಿಲ್ಲಲಿಲ್ಲ; ಬ್ಯಾಂಡೇಜು ಬಟ್ಟೆ ಮುಗಿದಾಗ ಸಿಸ್ಟರುಗಳು ತಮ್ಮ ಹಳೆಯ ಹತ್ತಿಯ ಸೀರೆಗಳನ್ನು ಕುದಿಸಿ, ಒಣಗಿಸಿ, ಹರಿದು ಕಟ್ಟಿದರು.

ಇಷ್ಟಾಗಿಯೂ ಪ್ರತಿಯೊಂದು ಸಭೆಯಲ್ಲಿ ನಮಗೆ ಎದುರಾಗುವ ಪ್ರಶ್ನೆ ಒಂದೇ: "ಕುಷ್ಠರೋಗ ಈಗ ಎಲ್ಲಿದೆ?" ಪ್ರಶ್ನೆ ಅಸಹಜವೇನೂ ಅಲ್ಲ. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಾಜಿಮಿನ್ ಎಂಬ ಮೂರು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಮೇಲೆ ರೋಗದ ಬೆನ್ನು ಮುರಿಯಿತು. ರೋಗದ ಬಗೆಯನ್ನು ನೋಡಿ ಆರು ತಿಂಗಳು ಇಲ್ಲವೇ ಒಂದು ವರ್ಷ ಮಾತ್ರೆ ನುಂಗಿದರೆ ಸಾಕು, ಅದೂ ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ. ಹತ್ತು ಸಾವಿರ ಮಂದಿಯಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳಿರುವ ಮಟ್ಟವನ್ನು ದೇಶವು 2005ರ ಕೊನೆಗೆ ಮುಟ್ಟಿತು. ಆ ಸುದ್ದಿಯ ಬೆನ್ನಿಗೇ ನಮ್ಮ ದೇಣಿಗೆಯೂ ಇಳಿಯತೊಡಗಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ನಿವಾರಣೆ ಎಂಬುದನ್ನು ಜನರು ಸಂಪೂರ್ಣ ನಿರ್ಮೂಲನವೆಂದು ಓದಿಕೊಂಡರು. ದೇಶದಲ್ಲಿ ಇಂದಿಗೂ ವರ್ಷಕ್ಕೆ ಒಂದು ಲಕ್ಷದಷ್ಟು ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮವರೇ. ಕೇರಳದಲ್ಲಿ ಆರೋಗ್ಯ ಕಾರ್ಯಕರ್ತರು 'ಅಶ್ವಮೇಧಂ' ಎಂಬ ಹೆಸರಿನಲ್ಲಿ ಮನೆಮನೆಗೆ ಬಂದು ಮೈಮೇಲಿನ ಮಚ್ಚೆಗಳನ್ನು ನೋಡಿ ಹೋಗುವುದನ್ನು ತಾವೂ ಕಂಡಿರಬಹುದು. ರೋಗಾಣು ಬಹಳ ನಿಧಾನವಾಗಿ ಬೆಳೆಯುವಂಥದ್ದು. ಸೋಂಕು ತಗಲಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷ ಹಿಡಿಯುತ್ತದೆ. ಬಣ್ಣ ಮಾಸಿದ, ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ನಾಗದೋಷವೆಂದೋ ತೊನ್ನೆಂದೋ ತಿಳಿದು ತಡಮಾಡುವವರು ನಮ್ಮ ಸುತ್ತಮುತ್ತ ಈಗಲೂ ಇದ್ದಾರೆ. ಹರಕೆಯನ್ನು ಹೇಳಿಕೊಳ್ಳಲಿ, ನಾವು ಬೇಡವೆನ್ನುವುದಿಲ್ಲ, ಆದರೆ ಅದರ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬರಲಿ ಎಂದಷ್ಟೇ ನಮ್ಮ ವಿನಂತಿ.

ನಮ್ಮಲ್ಲಿ ಈಗ ಇರುವ ಮೂವತ್ತೊಂದು ಮಂದಿಗೂ ರೋಗ ಎಂದೋ ಗುಣವಾಗಿದೆ. ಅವರಿಂದ ಯಾರಿಗೂ ಹರಡುವುದಿಲ್ಲ. ಉಳಿದಿರುವುದು ರೋಗ ಬಿಟ್ಟುಹೋದ ಕೈಕಾಲುಗಳು. ಸತ್ತ ನರವನ್ನು ಯಾವ ಮಾತ್ರೆಯೂ ಬದುಕಿಸುವುದಿಲ್ಲ. ಪೆರ್ಲ ಕಡೆಯಿಂದ ಬಂದ ಅಮ್ಮನೊಬ್ಬರು ಒಂದು ಕಾಲದಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ದಿನವಿಡೀ ಅಡಿಕೆ ಸುಲಿಯುತ್ತಿದ್ದವರು. ಕಿರುಬೆರಳು ಮರಗಟ್ಟಿ ಮಡಚಿಕೊಂಡದ್ದು ಮೊದಲು ಗೊತ್ತಾದದ್ದು ಅವರಿಗಲ್ಲ, ಪಕ್ಕದಲ್ಲಿ ಕುಳಿತು ಸುಲಿಯುತ್ತಿದ್ದವಳಿಗೆ. ಮರುದಿನದಿಂದ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ತಿಂಗಳೊಳಗೆ ಮನೆಯಲ್ಲಿ ತಟ್ಟೆಯೂ ಬೇರೆಯಾಯಿತು. ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಾನೂನಿನ ಮಾತುಗಳನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶ ಕೊಟ್ಟಿದ್ದ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಈ ಅಮ್ಮನ ಪಾಲಿಗೆ ಎರಡೂ ತಡವಾಗಿ ಬಂದವು. ಅವರ ಮಗ ಗಲ್ಫಿನಿಂದ ಹಣ ಕಳುಹಿಸುತ್ತಾನೆ, ಆದರೆ ಮನೆಗೆ ಮಾತ್ರ ಕರೆಯುವುದಿಲ್ಲ. ತಂಗಿಯರ ಮಕ್ಕಳ ಮದುವೆ ಇದೆ, ಗೊತ್ತಾದರೆ ಕಷ್ಟ ಎನ್ನುತ್ತಾನೆ. ಅವನನ್ನು ದೂರಲು ನಮಗೆ ಮನಸ್ಸಿಲ್ಲ. ಹಾಗೆಂದು ಒಪ್ಪಿಕೊಳ್ಳಲೂ ಆಗುವುದಿಲ್ಲ.

ಸಂಜೆ ಮೂರೂವರೆ ಗಂಟೆಗೆ ವಾರ್ಡಿನ ಜಗಲಿಗೆ ಬಂದರೆ ನಮ್ಮ ನಿಜವಾದ ಕೆಲಸ ಏನೆಂದು ಕಾಣಬಹುದು. ಸಾಲಾಗಿ ಪ್ಲಾಸ್ಟಿಕ್ ಬಕೆಟುಗಳನ್ನು ಇಟ್ಟು, ಪ್ರತಿಯೊಬ್ಬರೂ ಇಪ್ಪತ್ತು ನಿಮಿಷ ಪಾದಗಳನ್ನು ತಣ್ಣೀರಿನಲ್ಲಿ ನೆನೆಸುತ್ತಾರೆ. ಬಿಸಿನೀರು ಕೂಡದು, ಏಕೆಂದರೆ ಸುಟ್ಟರೂ ತಿಳಿಯುವುದಿಲ್ಲ. ಮೆತ್ತಗಾದ ಆಣಿಯನ್ನು ಒರಟು ಕಲ್ಲಿನಿಂದ ಉಜ್ಜಿ, ಒರೆಸುವ ಮೊದಲೇ, ಹಸಿ ಇರುವಾಗ ತೆಂಗಿನೆಣ್ಣೆ ಸವರಿ, ಕೈಗನ್ನಡಿ ಹಿಡಿದು ಅಂಗಾಲಿನಲ್ಲಿ ಹೊಸ ಬಿರುಕು, ಗುಳ್ಳೆ, ಮುಳ್ಳು ಇದೆಯೇ ಎಂದು ನೋಡುತ್ತಾರೆ. ಕಣ್ಣು ಮಂಜಾದವರ ಪಾದವನ್ನು ಪಕ್ಕದವರು ನೋಡುತ್ತಾರೆ. ಮೃದು ರಬ್ಬರಿನ ಎಂಸಿಆರ್ ಚಪ್ಪಲಿಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದೆಂಬುದು ನಿಯಮ. ಇಷ್ಟೆಲ್ಲ ಜಾಗ್ರತೆಯಿಂದ ಒಂದು ವರ್ಷ ಕಾಪಾಡಿದ ಪಾದ, ಒಂದು ರಾತ್ರಿ ಸೋರುವ ಮಾಡಿನ ಕೆಳಗೆ ಬ್ಯಾಂಡೇಜು ಒದ್ದೆಯಾದರೆ ಹಾಳಾಗುತ್ತದೆ. ಮನೆಯಲ್ಲಿ ಮಾಡು ಸೋರಿದರೆ ನಾವು ಪಾತ್ರೆ ಇಟ್ಟು ಮಲಗುತ್ತೇವೆ. ಇಲ್ಲಿ ಸೋರಿದರೆ ಹುಣ್ಣಾಗುತ್ತದೆ, ಹುಣ್ಣು ಎಲುಬಿಗಿಳಿದರೆ ಬೆರಳು ಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಬರೆಯಲು ಸಂಕೋಚವಾಗುತ್ತದೆ. ಅಟ್ಟ ಒದ್ದೆಯಾದಂದಿನಿಂದ ಇಲಿಗಳು ವಾರ್ಡಿಗೆ ಇಳಿದಿವೆ. ಕುಷ್ಠರೋಗಿಗಳ ಬೆರಳು ತಾನಾಗಿ ಕರಗಿ ಉದುರುವುದಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ಹಾಳಾಗುವುದು ಎಂಬುದನ್ನು ವೆಲ್ಲೂರಿನಲ್ಲಿ ಮಡಚಿದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ನೇರ ಮಾಡಿದ ಮಿಷನರಿ ವೈದ್ಯ ಡಾ. ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ರಾತ್ರಿ ನಿದ್ದೆಯಲ್ಲಿದ್ದವರ ಬೆರಳನ್ನು ಇಲಿ ಕಡಿಯುವುದೂ ಅಂಥ ಗಾಯಗಳಲ್ಲಿ ಒಂದೆಂದು ಕಂಡುಕೊಂಡು, ಅವರು ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟರು. ನಮ್ಮಲ್ಲಿಯೂ ನಾಲ್ಕು ಬೆಕ್ಕುಗಳಿವೆ. ಮೀನು ಮಾರುವ ಬ್ಯಾರಿಯೊಬ್ಬರು ಅವುಗಳ ಪಾಲಿನ ಬೂತಾಯಿಯನ್ನು ದಿನವೂ ಪುಕ್ಕಟೆ ಕೊಟ್ಟು ಹೋಗುತ್ತಾರೆ. ದಾನಿಗಳ ಪಟ್ಟಿಯಲ್ಲಿ ಹೆಸರು ಹಾಕುತ್ತೇವೆಂದರೆ ನಕ್ಕು ಸೈಕಲ್ ಹತ್ತುತ್ತಾರೆ. ಆದರೂ ಕಳೆದ ಮಳೆಗಾಲದಲ್ಲಿ ನಾಲ್ಕು ಬೆಕ್ಕುಗಳು ಸಾಲಲಿಲ್ಲ.

ತಪ್ಪು ನಮ್ಮದೂ ಇದೆ. ಮಾಡಿನ ಸ್ಥಿತಿ ನಮಗೆ ಮೂರು ವರ್ಷಗಳಿಂದ ಗೊತ್ತಿತ್ತು. ಆದರೂ ಆ ಸಮಯದಲ್ಲಿ ಬಂದ ಹಣದಲ್ಲಿ ಸಭಾಭವನದ ನೆಲಕ್ಕೆ ಟೈಲ್ಸ್ ಹಾಕಿಸಿ, ವಾರ್ಡಿಗೆ ತೇಪೆ ಕೆಲಸ ಸಾಕೆಂದು ತೀರ್ಮಾನಿಸಿದವರು ನಾವೇ. ತೇಪೆ ಹಾಕಿದ ಗುತ್ತಿಗೆದಾರರು ಒರಲೆ ತಿಂದ ಪಕ್ಕಾಸಿನ ಮೇಲೆಯೇ ಹೊಸ ರೀಪು (ಹಂಚು ಕೂರಿಸುವ ಪಟ್ಟಿ) ಹೊಡೆದು, ಬಿಲ್ಲು ಪಡೆದು ಹೋದರು. ಮಾಡಿನ ಮೇಲೆ ಹತ್ತಿ ನೋಡಬೇಕೆಂದು ನಮಗೆ ತೋಚಲಿಲ್ಲ. ಸಭಾಭವನ ನಿಜವಾಗಿಯೂ ಸುಂದರವಾಗಿದೆ. ಕುಸಿತದ ಮರುದಿನ ಹತ್ತೊಂಬತ್ತು ಹೆಂಗಸರನ್ನೂ ಅಲ್ಲಿಯೇ ಮಲಗಿಸಿದೆವು. ಆದರೆ ಆ ನುಣುಪು ನೆಲದಲ್ಲಿ ಸ್ಪರ್ಶವಿಲ್ಲದ ಕಾಲು ಜಾರುತ್ತದೆಂಬುದು ಇಬ್ಬರು ಬಿದ್ದ ಮೇಲಷ್ಟೇ ನಮಗೆ ಅರ್ಥವಾಯಿತು.

ಈ ಸಲ ಊರಿನ ಅನುಭವಸ್ಥ ಆಚಾರಿಯವರನ್ನು ಕರೆಸಿ, ಅವರನ್ನು ಮಾಡಿಗೆ ಹತ್ತಿಸಿ, ಒಂದೊಂದು ಪಕ್ಕಾಸನ್ನೂ ಕುಟ್ಟಿ ನೋಡಿಸಿದ್ದೇವೆ. ಮರದ ಬೆಲೆ ನಮ್ಮ ಕೈಗೆ ಎಟಕುವಂತಿಲ್ಲವಾದ್ದರಿಂದ ಮಾಡಿನ ಚೌಕಟ್ಟನ್ನು ಕಬ್ಬಿಣದಲ್ಲಿ ಮಾಡಿ, ಅದರ ಮೇಲೆ ಹಂಚನ್ನೇ ಹೊದೆಸುವುದೆಂದು ನಿರ್ಧರಿಸಲಾಗಿದೆ. ತಗಡಿನ ಶೀಟು ಹಾಕಿದರೆ ಅಗ್ಗವಾಗುತ್ತಿತ್ತು. ಆದರೆ ಏಪ್ರಿಲ್ ತಿಂಗಳ ಸೆಕೆಯಲ್ಲಿ ಶೀಟಿನ ಕೆಳಗೆ ಮಲಗುವುದು ಇವರಲ್ಲಿ ಅನೇಕರಿಗೆ ಆಗದು, ರೋಗ ತಗಲಿದ ಕೈಕಾಲುಗಳ ಚರ್ಮ ಬೆವರದೆ ಒಣಗಿ ಬಿರಿಯುತ್ತದೆ. ಹಳೆಯ ಹಂಚುಗಳಲ್ಲಿ ಅರ್ಧದಷ್ಟು ಇನ್ನೂ ಗಟ್ಟಿಯಾಗಿವೆ. ಕಬ್ಬಿಣ, ಹೊಸ ಹಂಚು, ಕೂಲಿ, ಗೋಡೆಯ ತಲೆ ಸರಿಪಡಿಸುವುದು, ಇಲಿ ನುಸುಳದಂತೆ ಬಲೆ ಬಿಗಿಯುವುದು, ಎಲ್ಲ ಸೇರಿ ಹದಿನಾಲ್ಕು ಲಕ್ಷದ ಆಸುಪಾಸಿಗೆ ಬರುತ್ತದೆಂದು ಅಂದಾಜು. ಕೈಯಲ್ಲಿರುವುದು ಐದು ಲಕ್ಷಕ್ಕೆ ತುಸು ಕಡಿಮೆ. ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದ ಮರುದಿನ ಕೆಲಸಕ್ಕೆ ಹತ್ತುತ್ತೇನೆಂದು ಆಚಾರಿಯವರು ಮಾತು ಕೊಟ್ಟಿದ್ದಾರೆ. ಕಬ್ಬಿಣದ ಮುಂಗಡವನ್ನು ಅದರ ಮೊದಲೇ ಕೊಡಬೇಕು. ಪತ್ತನಾಜೆಯೊಳಗೆ ಕೊನೆಯ ಹಂಚು ಕೂರದಿದ್ದರೆ, ಬಿಚ್ಚಿದ ಮಾಡಿನ ಮೇಲೆ ಮಳೆ ಹಿಡಿಯುತ್ತದೆ.

ಆದುದರಿಂದ ತಮ್ಮಿಂದ ಆದಷ್ಟನ್ನು, ಆದಷ್ಟು ಬೇಗ ಕಳುಹಿಸಿಕೊಡಬೇಕೆಂದು ಕೈಮುಗಿದು ಬೇಡುತ್ತೇವೆ. ಸಾಗಣೆ, ಕೂಲಿ ಸೇರಿ ಹಂಚೊಂದಕ್ಕೆ ಅರುವತ್ತು ರೂಪಾಯಿಯ ಲೆಕ್ಕ. ಶಾಲೆಯ ಮಕ್ಕಳು ಒಂದು ಹಂಚಿನ ಹಣ ತಂದರೂ ಸಂತೋಷದಿಂದ ರಶೀದಿ ಬರೆದುಕೊಡುತ್ತೇವೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ದೇಣಿಗೆಗೆ ತೆರಿಗೆ ವಿನಾಯಿತಿ (80ಜಿ ಎಂದು ಕರೆಯುತ್ತ ಬಂದದ್ದು) ಉಂಟು. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ಸಿಗದ ಕಾರಣ ಚೆಕ್ಕು ಅಥವಾ ಬ್ಯಾಂಕಿನ ಮೂಲಕವೇ ಕಳುಹಿಸುವುದು ಒಳ್ಳೆಯದು. ಗಲ್ಫಿನಲ್ಲಿರುವ ನಮ್ಮವರು, ಭಾರತದ ಪಾಸ್‌ಪೋರ್ಟ್ ಉಳ್ಳವರಾದರೆ, ತಮ್ಮ ಎನ್‌ಆರ್‌ಇ ಖಾತೆಯಿಂದ ಕಳುಹಿಸಬಹುದು.

ಮನೆ ಬಿಚ್ಚಿ ತಾರಸಿ ಕಟ್ಟಿಸುವವರು ಹಳೆಯ ಮಂಗಳೂರು ಹಂಚುಗಳನ್ನು ಅಂಗಳದಲ್ಲಿ ಪೇರಿಸಿಟ್ಟಿರುವುದನ್ನು ನೋಡುತ್ತಿರುತ್ತೇವೆ. ಅಂಥವು ಇದ್ದರೆ ದಯವಿಟ್ಟು ತಿಳಿಸಿ, ಲಾರಿಯನ್ನು ನಾವೇ ತರುತ್ತೇವೆ. ಅಂಚು ಒಡೆದವನ್ನು ಮಾತ್ರ ದಯವಿಟ್ಟು ಬೇರೆ ತೆಗೆದಿಡಿ.

ಟ್ರಸ್ಟಿಗಳ ಪರವಾಗಿ,
ಕಾರ್ಯದರ್ಶಿ