ಮತ್ತೆ ಫೋನ್ ಬಂದರೆ?

ಭಾಗಮಂಡಲ
6 ಆಗಸ್ಟ್ 2025

ಪ್ರೀತಿಯ ಕಾವ್ಯ,

ನಿನ್ನ ಪತ್ರ ಕೈಗೆ ಬಂದು ನಾಲ್ಕು ದಿನವಾಯಿತು. ಸಂಗಮದಲ್ಲಿ ನೀರು ಏರಿದೆ, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಬಂದರೂ ನಿಲ್ಲುವುದಿಲ್ಲ. ಮೊನ್ನೆ ಆಟಿ ತಿಂಗಳ 18ನೆಯ ದಿನಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿದೆ. ಸೊಪ್ಪು ಬೇಯಿಸಿದ ನೀರಿನ ನೇರಳೆ ಬಣ್ಣ ಇನ್ನೂ ಉಗುರಿನ ಸಂದಿಯಲ್ಲಿದೆ. ಈ ಕಾಗದದ ಅಂಚಿಗೂ ಸ್ವಲ್ಪ ತಾಗಿದೆ ನೋಡು. ಒಲೆಯ ಮುಂದೆ ನಿಂತಾಗಲೂ ನಿನ್ನ ಒಂದು ಸಾಲೇ ತಲೆಯಲ್ಲಿ ಸುತ್ತುತ್ತಿತ್ತು.

ಅಪ್ಪನ ಆರೋಗ್ಯ ಕೆಟ್ಟು, ಮನೆಯಿಂದ ಫೋನ್ ಬಂದು, ನೀನು ಎರಡನೆಯ ವರ್ಷದ ಪದವಿ ಓದು ಬಿಟ್ಟು ಊರಿಗೆ ಬಂದದ್ದನ್ನು ನಾನು ಮತ್ತೆ ಬರೆಯುವುದಿಲ್ಲ. ವರ್ಷ ಹೋದದ್ದಕ್ಕೆ ನೀನೂ ಹೆಚ್ಚು ಅತ್ತಂತಿಲ್ಲ. ಕಿರಿಯರ ಜೊತೆ ಕೂರಬೇಕಲ್ಲ ಎಂಬ ನಾಚಿಕೆಯನ್ನೂ ಅರ್ಧ ಸಾಲಿನಲ್ಲಿ ಮುಗಿಸಿದ್ದೀಯೆ. ಆದರೆ ಕೊನೆಯಲ್ಲಿ, "ಅತ್ತೆ, ಫೀಸು ಕಟ್ಟಿ ಹೋಗಿ ಕುಳಿತ ಮೇಲೆ ಮತ್ತೆ ಮನೆಯಿಂದ ಫೋನ್ ಬಂದರೆ?" ಎಂದು ಕೇಳಿದ್ದೀಯೆ. ಆ ಪ್ರಶ್ನೆ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಏಕೆಂದರೆ ಅದು ನನ್ನದೇ ಪ್ರಶ್ನೆ. ನನ್ನ ಕಾಲದಲ್ಲಿ ಫೋನ್ ಇರಲಿಲ್ಲ, ಅಷ್ಟೆ. 1980ರ ಮಾರ್ಚ್‌ನಲ್ಲಿ ಅಪ್ಪ ಮೆಣಸು ಕೊಯ್ಯುವ ಏಣಿಯಿಂದ ಬಿದ್ದಾಗ ತೋಟದ ಆಳೊಬ್ಬ ಮಡಿಕೇರಿಯ ಹಾಸ್ಟೆಲ್ ಬಾಗಿಲಿಗೇ ಬಂದು ನಿಂತಿದ್ದ. ಒಂದು ವರ್ಷ ನೋಡಿಕೊಂಡು ಮುಂದಿನ ಜೂನ್‌ಗೆ ಹೋಗೋಣ ಎಂದುಕೊಂಡೆ. ಜೂನ್ ಬಂತು. ಅಪ್ಪ ಕೋಲು ಹಿಡಿದು ನಡೆಯುತ್ತಿದ್ದರು, ನಿನ್ನ ಅಪ್ಪ ಇನ್ನೂ ನಾಲ್ಕನೆಯ ತರಗತಿಯ ಹುಡುಗ. ನನ್ನನ್ನು ಯಾರೂ ತಡೆಯಲಿಲ್ಲ, ಮಗಳೇ. ಹೋಗು ಎಂದು ಯಾರೂ ಹೇಳಲೂ ಇಲ್ಲ. ಹೋಗಿ ಮತ್ತೆ ಅರ್ಧಕ್ಕೆ ಬರುವುದಾದರೆ ಹೋಗುವುದೇ ಬೇಡ ಎಂದು ನಾನೇ ತೀರ್ಮಾನಿಸಿಕೊಂಡೆ. ಅದನ್ನು ತ್ಯಾಗವೆಂದು ಬಂಧುಗಳು ಹೊಗಳಿದರು. ನಾನೂ ಬಹಳ ವರ್ಷ ಹಾಗೆಂದೇ ನಂಬಿದ್ದೆ. ಅದು ಬರೀ ಹೆದರಿಕೆ ಎಂದು ಇವತ್ತು ನಿನಗೆ ಮಾತ್ರ ಹೇಳುತ್ತಿದ್ದೇನೆ.

ನನ್ನ ಇತಿಹಾಸದ ನೋಟ್ಸ್ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಒಂದು ಪುಟದಲ್ಲಿ ವಾಕ್ಯ ಅರ್ಧಕ್ಕೆ ನಿಂತಿದೆ. ಮಗ್ಗುಲ ಪುಟದಿಂದ ನನ್ನದೇ ಅಕ್ಷರದಲ್ಲಿ ಆಳುಗಳ ಲೆಕ್ಕ: ಯಾರಿಗೆ ಎಷ್ಟು ದಿನದ ಕೂಲಿ, ಎಷ್ಟು ಮುಂಗಡ. ಖಾಲಿ ಹಾಳೆ ಏಕೆ ಹಾಳಾಗಬೇಕು ಎಂದು ಬರೆದದ್ದು. ನಿನ್ನೆ ತೆಗೆದು ನೋಡಿದೆ, ಲೆಕ್ಕದ ಪುಟಗಳೇ ಹೆಚ್ಚು.

ಇನ್ನೊಂದು ಸಂಗತಿ ನೆನಪಾಗುತ್ತದೆ. ನಾನು ಸೇರಿದಾಗ ನಮ್ಮ ಕಾಲೇಜು ಮೈಸೂರು ವಿಶ್ವವಿದ್ಯಾಲಯದ್ದು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿ ಕೊಡಗಿನ ಕಾಲೇಜುಗಳು ಅದಕ್ಕೆ ಸೇರಿದವು. ಹಳೆಯ ನೋಂದಣಿಯವರಿಗೆ ಏನು ದಾರಿ ಎಂದು ಕಚೇರಿಗೆ ಹೋಗಿ ಒಂದು ಮಾತು ಕೇಳಬಹುದಿತ್ತು. ನಾನು ಕೇಳಲೇ ಇಲ್ಲ. ನೀನು ಕೇಳಬೇಕು. 2023ರಲ್ಲಿ ಸೇರಿದ ನಿನ್ನದು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ. ರಾಜ್ಯ ಸರ್ಕಾರ 2024–25ರಿಂದ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಹೊಸ ಪಠ್ಯಕ್ರಮ ತಂದಿದೆ. ಈಗ ಎರಡನೆಯ ವರ್ಷಕ್ಕೆ ಮತ್ತೆ ಹೋದರೆ ನಿನ್ನ ಪಕ್ಕದಲ್ಲಿ ಕೂರುವವರು ಹೊಸ ಪಠ್ಯಕ್ರಮದವರು. ನೀನು ಬರೆಯಬೇಕಾದ ಪ್ರಶ್ನೆಪತ್ರಿಕೆ ಯಾವುದು, ಮೊದಲ ವರ್ಷ ಪಾಸಾದ ವಿಷಯಗಳಿಗೆ ಏನು ಮಾಡುತ್ತಾರೆ ಎಂದು ಅರ್ಜಿ ಕೊಟ್ಟು ಕೇಳು, ಉತ್ತರವನ್ನೂ ಬರಹದಲ್ಲೇ ತೆಗೆದುಕೊ. ಓದು ಅರ್ಧಕ್ಕೆ ಬಿಟ್ಟವಳು ಇದನ್ನೆಲ್ಲ ಹೇಳಬಾರದೇನೋ, ಕ್ಷಮಿಸು.

ಮತ್ತೆ ಅಲ್ಲಿಗೇ ಬರುತ್ತೇನೆ. ಫೋನ್ ಬಂದರೆ? ಬರುವುದಿಲ್ಲ ಎಂದು ನಾನು ಆಣೆ ಇಡಲಾರೆ. ನಿನ್ನ ಅಪ್ಪನ ಆರೋಗ್ಯ ನೋಡಿದವರು ಯಾರೂ ಇಡಲಾರರು. ಜನವರಿಯಲ್ಲಿ ರೋಬಸ್ಟಾ ಹಣ್ಣು ಕೊಯ್ಯುವ ಹೊತ್ತಿಗೆ ಆಳು ಸಿಗದೆ ಹೋಗಬಹುದು, ಮಳೆಗೆ ಸಂಪಾಜೆ ಘಾಟಿ ಮುಚ್ಚಬಹುದು. ಆದರೆ ಪ್ರತಿ ಫೋನ್‌ಗೂ ನೀನೇ ಬಸ್ ಹತ್ತಬೇಕೆಂದು ಯಾರು ಹೇಳಿದರು? ನನಗೆ 64 ವರ್ಷ. ಮೊಣಕಾಲು ನೋವು ಬಿಟ್ಟರೆ ಗಟ್ಟಿಯಾಗಿದ್ದೇನೆ. ಮೂರ್ನಾಡಿಗೆ ಬಂದು ತಮ್ಮನ ಮನೆಯಲ್ಲಿ ತಿಂಗಳುಗಟ್ಟಲೆ ಇರಲು ನನಗೆ ಅಡ್ಡಿಯಿಲ್ಲ. ಇಲ್ಲಿ ಹಸು ನೋಡಿಕೊಳ್ಳಲು ಪಕ್ಕದ ಮನೆಯವರು ಒಪ್ಪಿದ್ದಾರೆ. ಮೊದಲ ಫೋನ್ ನನಗೆ ಬರಲಿ. ಹೋಗಲೇಬೇಕಾದದ್ದೋ ಅಲ್ಲವೋ ನಾನು ನೋಡಿ ನಿನಗೆ ತಿಳಿಸುತ್ತೇನೆ. ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ, ಅದೊಂದು ಮಾತು ಕೊಡುತ್ತೇನೆ.

ಹಾಜರಿ ಶೇ 75ಕ್ಕಿಂತ ಕಡಿಮೆಯಾಗದಂತೆ ತಿಂಗಳು ತಿಂಗಳೂ ಲೆಕ್ಕ ಇಟ್ಟುಕೊ, ಕೊನೆಗೆ ನೋಡಬೇಡ. ಊರಿಗೆ ಬರಬೇಕಾಗಿ ಬಂದರೆ ಅಂದೇ ವಿಭಾಗದ ಮುಖ್ಯಸ್ಥರಿಗೆ ರಜೆಯ ಪತ್ರ ಕೊಟ್ಟು ಬಾ. ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು ಈ ವರ್ಷವೂ ಮುಂದುವರಿಯುತ್ತವೆಯೇ ಎಂದೂ ವಿಚಾರಿಸು. ಇಲ್ಲವೆಂದರೆ ಬರೆ, ಮೆಣಸು ಮಾರಿದ ಹಣ ಸ್ವಲ್ಪ ಇದೆ.

ನಿನ್ನ ಅಪ್ಪನಿಗೆ ನಾನೇ ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಹೊರಡುವ ಮೊದಲು ಅವನ ಔಷಧಿಯ ಚೀಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಳುಹಿಸು. ಯಾವ ಗುಳಿಗೆ ಬೆಳಿಗ್ಗೆ, ಯಾವುದು ರಾತ್ರಿ ಎಂದು ನನಗೆ ಗೊತ್ತಿಲ್ಲ.

ನಿನ್ನ
ಅತ್ತೆ